ನಾಲ್ಕನೆಯ ಅಧ್ಯಾಯದ ಬೆರಳಚ್ಚುಗಾರ್ತಿ

ಪ್ರತಿ ಸೋಮವಾರ ಬೆಳಗ್ಗೆ ಎಂಟೂವರೆಗೆ ಅವಳ ಗಂಡ ಊಟದ ಮೇಜಿನ ಮೇಲೆ ಮೂವತ್ತೆಂಟು ಹಾಳೆ ಇಟ್ಟು, ಮಲಗಿದ ಮಗುವಿನ ಪಕ್ಕದಿಂದ ಏಳುವವನ ಹಾಗೆ ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಹಾಳೆಯ ತುಂಬ ಕೆಂಪು ಗೀಟು, ಕೆಂಪು ಬಾಣ, ಕೆಂಪು ಅಂಕಿ. ಇದನ್ನು ಅಲ್ಲಿಗೆ ಒಯ್ಯಬೇಕು, ಅದನ್ನು ಇಲ್ಲಿಗೆ ತರಬೇಕು, ಮತ್ತೊಂದನ್ನು ಹೊಡೆದುಹಾಕಬೇಕು. ಗೈಡ್ ಹೇಳಿದ್ದಾರೆ ಎಂದಷ್ಟೇ ಹೇಳಿ ಅವನು ಗ್ರಂಥಾಲಯಕ್ಕೆ ಹೊರಟುಬಿಡುತ್ತಿದ್ದ. ಇವಳು ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಕಂಪ್ಯೂಟರ್ ಮುಂದೆ ಕೂತು ಅವನ ಪಿಎಚ್.ಡಿ.ಯ ನಾಲ್ಕನೆಯ ಅಧ್ಯಾಯವನ್ನು ಮತ್ತೊಮ್ಮೆ ಟೈಪ್ ಮಾಡಬೇಕು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬ ಗಾದೆ ಕಟ್ಟಿದವರು ಈ ಮನೆಗೆ ಬಂದಿದ್ದರೆ ದಾಸನ ಕಾಲಿಗೆ ಬಿದ್ದು ತಪ್ಪಾಯಿತು ಅನ್ನುತ್ತಿದ್ದರು.

ತನ್ನೂರಿನಲ್ಲಿ ಅವಳು ಹದಿನಾಲ್ಕು ವರ್ಷ ನ್ಯಾಯಾಲಯದ ಬೆರಳಚ್ಚುಗಾರ್ತಿಯಾಗಿದ್ದವಳು. ನ್ಯಾಯಾಧೀಶರು ತೀರ್ಪು ಹೇಳಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಹಾಳೆ ಅವರ ಮುಂದಿರುತ್ತಿತ್ತು. ಕಾಲೇಜು ಮೇಷ್ಟ್ರಾಗಿದ್ದ ಗಂಡನಿಗೆ ಹೊರದೇಶದಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಾಗ, ಮೂರು ವರ್ಷ ತಾನೇ ಎಂದು ಸಂಬಳವಿಲ್ಲದ ರಜೆ ಹಾಕಿ ಹಿಂದೆ ಬಂದಳು. ಬಂದ ಮೇಲೆ ಗೊತ್ತಾಯಿತು, ಕಾಗದಪತ್ರಗಳಲ್ಲಿ ಅವಳು ‘ಅವಲಂಬಿತೆ’. ಕೆಲಸ ಮಾಡುವ ಹಾಗಿಲ್ಲ. ಗಂಡನಿಗೆ ಮಾತ್ರ ಮಾಡಿಕೊಡಬಹುದು, ಅದನ್ನು ಯಾವ ದೇಶವೂ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಡನೋ ಕೋಳಿ ಕಾಳು ಕುಕ್ಕಿದ ಹಾಗೆ ಎರಡು ಬೆರಳಲ್ಲಿ ಕುಕ್ಕುವವನು. ಅವನ ಸಂಶೋಧನೆಯ ವಿಷಯವೇನು ಗೊತ್ತೇ? ಸರ್ಕಾರಿ ಕಚೇರಿಗಳಲ್ಲಿ ಕಡತ ವಿಲೇವಾರಿಯ ವಿಳಂಬ. ಅವಳನ್ನು ಕೇಳಿದ್ದರೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದಳು: ಯಾವನೋ ಒಬ್ಬ ಸಹಿ ಹಾಕಲು ಹೆದರುತ್ತಾನೆ, ಅಷ್ಟೆ. ಅವನು ಕೇಳಲಿಲ್ಲ.

ಮಂಗಳವಾರ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ಸರದಿ. ಆ ವಿದ್ಯಾರ್ಥಿ ವಸತಿಯಲ್ಲಿ ತಮ್ಮ ಭಾಷೆಯ ಇನ್ನೂ ಮೂವರು ಹೆಂಗಸರಿದ್ದರು, ಮೂವರ ಗಂಡಂದಿರೂ ಓದುವವರೇ. ನಾಲ್ಕು ಯಂತ್ರ ತಿರುಗುವಾಗ ಅವರು ಬೆಂಚಿನ ಮೇಲೆ ಕೂತು, ಬಸುರಿಯರು ತಿಂಗಳು ಹೇಳಿಕೊಳ್ಳುವ ಹಾಗೆ ಅಧ್ಯಾಯ ಹೇಳಿಕೊಳ್ಳುತ್ತಿದ್ದರು. ನಮಗೀಗ ಎರಡು ತುಂಬಿತು. ನಮಗೆ ಐದನೆಯದು ನಡೆಯುತ್ತಿದೆ, ಸ್ವಲ್ಪ ಸುಸ್ತು. ಇವರ ನಡುವೆ ಮಹಾರಾಣಿಯೆಂದರೆ, ಇವಳು ಮನಸ್ಸಿನಲ್ಲೇ ಹೆಸರಿಟ್ಟಿದ್ದ ‘ಕೃತಜ್ಞತೆ ಅಕ್ಕ’. ಆಕೆಯ ಗಂಡನ ಪ್ರಬಂಧ ಸಲ್ಲಿಕೆಯಾಗಿತ್ತು. ಅದರ ಕೃತಜ್ಞತೆಯ ಪುಟದಲ್ಲಿ ಗೈಡು, ಗ್ರಂಥಪಾಲಕ, ಮುದ್ರಕ ಎಲ್ಲರೂ ಆದ ಮೇಲೆ ಕೊನೆಯ ಸಾಲಿನಲ್ಲಿ ಆಕೆಯ ತಾಳ್ಮೆಗೆ ವಂದನೆಯಿತ್ತು. ಐದು ವರ್ಷದ ಚಾಕರಿಗೆ ಅರ್ಧ ಸಾಲು. ಆಕೆ ಆ ಪುಟವನ್ನು ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ಒಗೆಯುವ ಪುಡಿಯ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ನಿಮ್ಮದು ಇನ್ನೂ ನಾಲ್ಕೇನಾ ಎಂದು ಆಕೆ ಕನಿಕರದಿಂದ ಕೇಳಿದಾಗಲೆಲ್ಲ ಇವಳಿಗೆ ಆ ಪುಟವನ್ನು ಯಂತ್ರದೊಳಗೆ ಹಾಕಿ ಬಿಸಿನೀರಿನ ಗುಂಡಿ ಒತ್ತಬೇಕು ಅನ್ನಿಸುತ್ತಿತ್ತು.

ಬುಧವಾರ ವಿದ್ಯಾರ್ಥಿಗಳ ಹೆಂಡಂದಿರಿಗೆ ಭಾಷೆಯ ಪಾಠ. ಆ ದೇಶದ ಭಾಷೆ ಅವಳ ಬೆರಳಿಗೆ ಬರುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ನಿವೃತ್ತ ಟೀಚರಮ್ಮ ವಾರವಾರವೂ ಔಷಧಿ ಅಂಗಡಿಯ ಸಂಭಾಷಣೆ ಹೇಳಿಕೊಡುತ್ತಿದ್ದರು. ‘ಈ ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು? ಊಟಕ್ಕೆ ಮುಂಚೆಯೋ ಆಮೇಲೋ?’ ಎಂದು ಹನ್ನೊಂದು ಜನ ಗೃಹಿಣಿಯರು ಒಕ್ಕೊರಲಿನಿಂದ ಒದರಬೇಕು. ಕೊಲೆ ಮೊಕದ್ದಮೆಯ ಸಾಕ್ಷಿ ಹೇಳಿಕೆಗಳನ್ನು ಟೈಪಿಸಿದವಳು ಇಲ್ಲದ ಕೆಮ್ಮಿಗೆ ಇಲ್ಲದ ಔಷಧಿ ಕೇಳುತ್ತ ಕೂತಿರುತ್ತಿದ್ದಳು.

ಗುರುವಾರ ಅವನ ಅಂಗಿಗೆ ಇಸ್ತ್ರಿ, ಯಾಕೆಂದರೆ ಶುಕ್ರವಾರ ಗೈಡ್ ದರ್ಶನ. ಶುಕ್ರವಾರ ಸಂಜೆ ಅವನು ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದ, ಒಪ್ಪಲಿಲ್ಲ ಅನ್ನುತ್ತಿದ್ದ. ಶನಿವಾರ ಅತ್ತೆಯ ಫೋನು: ಮಗ ಡಾಕ್ಟರಾದನೇ, ನೀನು ಅವನಿಗೆ ಹೊತ್ತಿಗೆ ಸರಿಯಾಗಿ ಹಾಲು ಕೊಡುತ್ತೀಯೋ ಇಲ್ಲವೋ. ಭಾನುವಾರ ಅವನ ಚಿಂತನೆಯ ದಿನವಾದ್ದರಿಂದ ಕುಕ್ಕರ್ ಕೂಡ ಕೂಗುವ ಹಾಗಿರಲಿಲ್ಲ. ಅವಳು ಮುಚ್ಚಳದ ಪಾತ್ರೆಯಲ್ಲಿ ಅನ್ನ ಬೇಯಿಸಿಟ್ಟು, ನೋಡಿಲ್ಲದ ಆ ಗೈಡನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದಳು. ಮೊಸರಲ್ಲಿ ಕಲ್ಲು ಹುಡುಕುವ ಮುದುಕ. ದಪ್ಪ ಮೀಸೆ ಇದ್ದೀತು, ಜೇಬಿನಲ್ಲಿ ಮೂರು ಕೆಂಪು ಪೆನ್ನು ಇದ್ದಾವು.

ನಾಲ್ಕನೆಯ ವರ್ಷ ಅರ್ಧವಾದಾಗ ನ್ಯಾಯಾಲಯದ ಹೆಡ್ ಕ್ಲಾರ್ಕ್ ಪತ್ರ ಬಂತು. ಒಂದು ಸಲ ಮುಂದುವರಿಸಿದ ರಜೆಯನ್ನು ಇನ್ನು ಮುಂದುವರಿಸಲಾಗದು. ಬರುವ ತಿಂಗಳು ಹತ್ತನೇ ತಾರೀಕಿನೊಳಗೆ ಖುದ್ದಾಗಿ ಹಾಜರಾಗದಿದ್ದರೆ ಹುದ್ದೆ ಹೋಗುತ್ತದೆ. ಅವಳಿಗೆ ಕಿಟಕಿ ಪಕ್ಕದ ತನ್ನ ಕುರ್ಚಿ, ಅದರ ಸವೆದ ಎಡಗಡೆಯ ಹಿಡಿ, ಎಲ್ಲ ಕಣ್ಣಿಗೆ ಕಟ್ಟಿತು. ಪ್ರಪಂಚದಲ್ಲಿ ಅವಳದೇ ಅಂತ ಇದ್ದದ್ದು ಅದೊಂದು. ಗಂಡನಿಗೆ ತೋರಿಸಿದಳು. ಅವನು ಓದಿ, ಮಡಚಿ, ಇನ್ನೊಂದು ವಾರ ನೋಡೋಣ, ಗೈಡ್ ಒಪ್ಪಿದರೆ ಒಟ್ಟಿಗೇ ಹೋಗೋಣ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನ್ಯಾಯಾಲಯದಲ್ಲಿ ಕಲಿತ ಒಂದು ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ. ಹಳೆಯ ಪ್ರತಿಯನ್ನು ಎಸೆಯುವುದಿಲ್ಲ. ತಾರೀಕು ಹಾಕಿ, ಬಿಳಿ ದಾರದಿಂದ ಕಟ್ಟಿ, ಮಂಚದ ಕೆಳಗೆ ಇಡುವುದು. ಆ ಸೋಮವಾರ ಟೈಪ್ ಮಾಡುತ್ತಿದ್ದಾಗ ಬೆರಳುಗಳು ತಾವಾಗಿಯೇ ಮುಂದೆ ಓಡಿದವು. ಹಾಳೆ ನೋಡುವ ಮೊದಲೇ ಮುಂದಿನ ಸಾಲು ಬಂದುಬಿಟ್ಟಿತು. ಅನುಮಾನ ಬಂದು ಮಂಚದ ಕೆಳಗಿನ ಕಟ್ಟುಗಳನ್ನೆಲ್ಲ ಹೊರಗೆಳೆದಳು. ಹೋದ ವರ್ಷದ ಮೊದಲ ಪ್ರತಿಯನ್ನೂ ಈ ವಾರ ಟೈಪ್ ಮಾಡಿ ಮುಗಿಸಿದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು, ಮೇಲಿನಿಂದ ಕೆಳಕ್ಕೆ ಸ್ಕೇಲು ಸರಿಸುತ್ತ ಹೋಲಿಸಿದಳು. ಮೂವತ್ತೆಂಟು ಪುಟ. ಒಂದು ಸಾಲೂ ವ್ಯತ್ಯಾಸವಿಲ್ಲ. ನಡುವಿನ ಕಟ್ಟುಗಳಲ್ಲಿ ಎರಡನೆಯ ಭಾಗ ಮೂರನೆಯದಾಗಿ, ಮೂರನೆಯದು ಕೊನೆಗೆ ಹೋಗಿ, ಕೋಷ್ಟಕಗಳು ಊರೆಲ್ಲ ಸುತ್ತಿ, ಮತ್ತೆ ಹುಟ್ಟಿದ ಜಾಗಕ್ಕೇ ಬಂದು ಕೂತಿದ್ದವು. ಅಳಿಯ ಅಲ್ಲ, ಮಗಳ ಗಂಡ. ಒಂದು ವರ್ಷದ ಸೋಮವಾರಗಳನ್ನು ಗಾಣಕ್ಕೆ ಹಾಕಿ ಒಂದು ತೊಟ್ಟು ಎಣ್ಣೆ ತೆಗೆದಿರಲಿಲ್ಲ.

ಒಂದೇ ಮೊಕದ್ದಮೆಗೆ ಎರಡು ಆದೇಶ ಬಂದರೆ ಗುಮಾಸ್ತರು ಎರಡನ್ನೂ ಹಿಡಿದು ಸಾಹೇಬರ ಕೋಣೆಗೆ ಹೋಗಿ ಯಾವುದು ನಡೆಯಬೇಕು ಎಂದು ಕೇಳುವುದು ಪದ್ಧತಿ. ಬುಧವಾರ ಅವಳು ಪಾಠಕ್ಕೆ ಹೋಗಲಿಲ್ಲ. ಎರಡು ಕಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ವಿಭಾಗದ ಮೂರನೆಯ ಮಹಡಿಗೆ ಹತ್ತಿ ಬಾಗಿಲು ತಟ್ಟಿದಳು. ಮೀಸೆಯ ಮುದುಕ ಇರಲಿಲ್ಲ. ಬೆಳ್ಳಗೆ ತಲೆ ನರೆತ ಒಬ್ಬ ಸಣ್ಣ ಹೆಂಗಸು ಚಹಾ ಕುಡಿಯುತ್ತ ಕೂತಿದ್ದರು. ಅವರೇ ಗೈಡ್. ಇವಳು ತನ್ನ ಪರಿಚಯ ಹೇಳಿ, ಎರಡು ಕಟ್ಟನ್ನೂ ಮೇಜಿನ ಮೇಲಿಟ್ಟು, ಬಾಯಿಗೆ ಬಂದ ಒಂದೇ ವಾಕ್ಯ ಹೇಳಿದಳು: ಈ ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು?

ಆ ಹೆಂಗಸು ಎರಡನ್ನೂ ತಿರುವಿ ನೋಡಿ, ನಾಲ್ಕನೆಯ ಅಧ್ಯಾಯ ಬರೆದಾಗಿದೆಯೇ ಎಂದು ಬೆರಗಾಗಿ ಕೇಳಿದರು. ತಾನು ಇದರ ಒಂದು ಹಾಳೆಯನ್ನೂ ಕಂಡಿಲ್ಲ; ನಿಮ್ಮ ಗಂಡ ಶುಕ್ರವಾರಗಳಂದು ಬಂದು, ಇನ್ನೂ ಸಿದ್ಧವಾಗಿಲ್ಲ ಎಂದು ಹೇಳಿ ಹೋಗುತ್ತಾರೆ ಅಂದರು. ಕೆಂಪು ಗೀಟುಗಳನ್ನು ತೋರಿಸಿದ್ದಕ್ಕೆ, ತಾನು ಪೆನ್ಸಿಲ್ ಬಿಟ್ಟು ಬೇರೇನೂ ಬಳಸುವುದಿಲ್ಲ ಎಂದು ಮೇಜಿನ ಲೋಟದಲ್ಲಿದ್ದ ಪೆನ್ಸಿಲುಗಳನ್ನು ತೋರಿಸಿದರು. ಆಮೇಲೆ ಅವಳನ್ನು ಕೂರಿಸಿ, ಮುಕ್ಕಾಲು ಗಂಟೆ ಓದಿ, ಹಳೆಯ ಪ್ರತಿಯ ಮೇಲೆ ಪೆನ್ಸಿಲಿನಿಂದ ಎರಡು ಸಾಲು ಬರೆದು ಸಹಿ ಹಾಕಿದರು. ಚೆನ್ನಾಗಿದೆ, ಇಷ್ಟು ಸಾಕು. ಐದನೆಯದನ್ನು ಬರೆಯಿರಿ.

ಮೆಟ್ಟಿಲಿಳಿಯುವಾಗ ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಒಂದು ವರ್ಷದಿಂದ ತಪ್ಪು ವಿಳಾಸಕ್ಕೆ ಹೋಗುತ್ತಿದ್ದ ಬಯ್ಗುಳವೆಲ್ಲ ಈಗ ಸರಿಯಾದ ಮನೆಗೆ ಬಂದು ಸೇರಿತು. ವಿಳಂಬದ ಬಗ್ಗೆ ಬರೆಯುವ ಈ ಪಂಡಿತ ಭಾನುವಾರವೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು, ತನ್ನ ಹಾಳೆಗೆ ತಾನೇ ಗೀಟು ಹಾಕಿ, ಹೆಂಡತಿಯ ಕೈಯಲ್ಲಿ ತಿದ್ದಿಸಿ, ಅದನ್ನು ಮತ್ತೆ ಕೆಡಿಸುತ್ತಿದ್ದ. ಅವನು ಕಳ್ಳನಾಗಿದ್ದರೂ ಒಂದಿಷ್ಟು ಗೌರವ ಉಳಿಯುತ್ತಿತ್ತು. ಕಳ್ಳನಿಗೆ ಧೈರ್ಯವಾದರೂ ಇರುತ್ತದೆ.

ಸಂಜೆ ಅವನು ಬಂದಾಗ ಅವಳು ಕೂಗಾಡಲಿಲ್ಲ. ಸಹಿಯಿದ್ದ ಪ್ರತಿಯನ್ನು ಅವನ ಮುಂದಿಟ್ಟು, ಎಲ್ಲಿಗೆ ಹೋಗಿದ್ದೆ ಎಂದು ಹೇಳಿದಳು. ಅವನು ಆ ಎರಡು ಸಾಲನ್ನು ಮೂರು ಸಲ ಓದಿದ. ಇನ್ನಾದರೂ ನಗುತ್ತಾನೆ, ತಪ್ಪಾಯಿತು ಅನ್ನುತ್ತಾನೆ ಎಂದು ಅವಳು ನಿಂತೇ ಇದ್ದಳು.

"ಪೂರ್ತಿ ಓದಿದ್ರಾ ಅವರು?"

"ಪೂರ್ತಿ ಓದಿದ್ರು."

ಅವನು ಪುಟ ತಿರುವಿದ. ಹನ್ನೆರಡನೆಯ ಪುಟದಲ್ಲಿ ನಿಂತ. ಇಲ್ಲೊಂದು ಸಣ್ಣ ಬದಲಾವಣೆ ಬೇಕಿತ್ತು, ಅವರು ಗಮನಿಸಿಲ್ಲ ಎಂದು ಗೊಣಗುತ್ತ ಅಂಗಿಯ ಒಳಜೇಬಿಗೆ ಕೈ ಹಾಕಿ ಕೆಂಪು ಪೆನ್ನು ತೆಗೆದು ಮುಚ್ಚಳ ಬಿಚ್ಚಿದ. ಹೋದ ಗುರುವಾರ ಅವಳೇ ಇಸ್ತ್ರಿ ಮಾಡಿದ ಅಂಗಿ.

"ಹತ್ತನೇ ತಾರೀಕಿನೊಳಗೆ ನಾನು ಹಾಜರಾಗ್ಬೇಕು. ನಾನು ಹೋಗ್ತೀನ್ರೀ," ಅಂದಳು.

ಹೋಗಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ನನಗೆ ಹೆದರಿಕೆ ಆಗುತ್ತೆ ಕಣೇ ಅಂದಿದ್ದರೆ, ದೇವರಾಣೆಗೂ, ಆ ಕುರ್ಚಿಯನ್ನೂ ಹುದ್ದೆಯನ್ನೂ ಬಿಟ್ಟು ಅವನ ಪಕ್ಕದಲ್ಲಿ ಕೂತುಬಿಡುತ್ತಿದ್ದಳು. ಅಷ್ಟು ದಡ್ಡತನ ಅವಳಲ್ಲಿ ಇನ್ನೂ ಉಳಿದಿತ್ತು. ಅವನು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ಬಿಚ್ಚಿದ.

"ಹಾಗಾದ್ರೆ ಸೋಮವಾರದ್ದು ಯಾರು ಟೈಪ್ ಮಾಡ್ತಾರೆ?" ಅಂದ.

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಹಾಳೆಗಳನ್ನು ಸರಿಯಾಗಿ ತಟ್ಟಿ, ಬಿಳಿ ದಾರ ಸುತ್ತಿ, ಮೇಲಿನ ಪುಟದ ಮೂಲೆಯಲ್ಲಿ ‘ವಿಲೇವಾರಿ ಆಯಿತು’ ಎಂದು ಬರೆದು, ತಾರೀಕು ಹಾಕಿ, ಕೆಳಗೆ ತನ್ನ ಸಹಿ ಮಾಡಿದಳು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಅವನು ಆ ಸಹಿಯನ್ನೇ ನೋಡುತ್ತ ಕೂತಿದ್ದ.