ಕೋರಿ ಮಾಸ್ತರರು ಎಳೆದ ಏಳನೇ ಲೇನ್

ನಾನು ನಿಂತಿದ್ದು ಧಾರವಾಡದ ಒಂದು ಮೈದಾನದಲ್ಲಿ, ನೂರು ಮೀಟರ್ ಓಟ ಮುಗಿಯುವ ಗೆರೆಗೆ ನೇರವಾಗಿ, ಸಮಯ ಹಿಡಿಯುವವರು ಏರಿ ಕೂಡುವ ಕಟ್ಟಿಗೆಯ ಮೆಟ್ಟಿಲುಗಳ ಎಡಗಡೆ. ಏಳು ವರ್ಷದ ಹಿಂದಿನ ಡಿಸೆಂಬರ್, ಶನಿವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ನನ್ನ ಮುಂದೆ ಮೇಜು, ಅದರ ಮೇಲೆ ಲ್ಯಾಪ್‌ಟಾಪ್. ಮೇಲಿನ ಮೆಟ್ಟಿಲಲ್ಲಿ ಕೋರಿ ಮಾಸ್ತರರು. ಇಷ್ಟನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಅಂದು ನಡೆದದ್ದು ನಡೆದೇ ಇಲ್ಲ ಎನ್ನುವವರಿದ್ದಾರೆ.

ಗುರುಪಾದಪ್ಪ ಕೋರಿ ಹೆಬ್ಬಳ್ಳಿಯವರು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿ ನಿವೃತ್ತರಾದವರು. ಕೊರಳಲ್ಲಿ ಲಿಂಗದ ಕರಡಿಗೆ, ಅದಕ್ಕೆ ತಾಗಿಯೇ ಸ್ಟಾಪ್‌ವಾಚು. ವಾಚಿನ ಗುಂಡಿಯನ್ನು ಅವರು ಹೆಬ್ಬೆರಳಿನಿಂದ ಎಂದೂ ಒತ್ತಲಿಲ್ಲ. "ಹೆಬ್ಬಟ್ಟು ದಪ್ಪ ಐತಿ. ಅದಕ್ಕ ತಿಳಿಯೂದು ತಡಾ," ಎಂದು ತೋರುಬೆರಳು ಎತ್ತಿ ತೋರಿಸುತ್ತಿದ್ದರು.

ಕೈಯಲ್ಲಿ ಹಿಡಿದ ವಾಚಿಗೆ ಒಂದು ನಿಯಮವಿದೆ. ನೂರನೇ ಭಾಗದವರೆಗೆ ಅಂಕಿ ಕಂಡರೂ ಬರೆಯುವುದು ಹತ್ತನೇ ಭಾಗದವರೆಗೆ ಮಾತ್ರ. ಸ್ವಲ್ಪವೇ ಹೆಚ್ಚಿದ್ದರೂ ಮೇಲಿನ ಅಂಕಿಗೆ ಏರಿಸಬೇಕು, ಕೆಳಗೆ ಇಳಿಸುವಂತಿಲ್ಲ. ಮಾಸ್ತರರು ಈ ನಿಯಮವನ್ನು ಮೈದಾನದ ಹೊರಗೂ ಬಿಟ್ಟವರಲ್ಲ. ಒಮ್ಮೆ ಜ್ವರ ಬಂದಾಗ ಸತ್ತೂರಿನ ದವಾಖಾನೆಗೆ ಕರೆದೊಯ್ದಿದ್ದೆ. ಎಷ್ಟು ದಿನದಿಂದ ಜ್ವರ ಎಂದು ಡಾಕ್ಟರು ಕೇಳಿದರು.

"ಮೂರು ದಿನಾ, ಮ್ಯಾಲ ಒಂದು ಮುಂಜಾನಿ."

"ಮೂರು ಅಂತ ಬರೀಲೇನ್ರಿ ಅಜ್ಜಾರ?"

"ನಾಕು ಬರೀರಿ. ಆ ಮುಂಜಾನಿ ಏನ್ ನೀವು ನರಳೀರೇನು?"

ಡಾಕ್ಟರು ನಕ್ಕು ನಾಲ್ಕು ಎಂದೇ ಬರೆದರು.

ಡಿಸೆಂಬರಿನ ಆ ಶನಿವಾರದ ಕ್ರೀಡಾಕೂಟದಲ್ಲಿ ಫಲಿತಾಂಶ ತಯಾರಿಸುವ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮು, ಒಂದು ಪೈಥಾನ್ ಸ್ಕ್ರಿಪ್ಟ್, ಬರೆದವನು ನಾನು. ವಾಚಿನ ಅಂಕಿಗಳನ್ನು ತುಂಬಿದರೆ ಪಟ್ಟಿ ತಾನೇ ಬರುತ್ತಿತ್ತು. ದಶಮಾಂಶ ಬಿಂದುವಿನ ನಂತರ ಒಂದೇ ಅಂಕಿ ಇರಲಿ ಎಂದು ಒಂದು ಸಾಲು ಹಾಕಿದ್ದೆ. ಪಟ್ಟಿ ಓರಣವಾಗಿ ಕಾಣುತ್ತಿತ್ತು. ನಾನು ಅಷ್ಟನ್ನೇ ನೋಡಿದ್ದೆ.

ಹುಡುಗಿಯರ ನೂರು ಮೀಟರ್ ಫೈನಲ್‌ಗೆ ಆರು ಲೇನ್. ಐದು ಜನ ಆರಿಸಿ ಬಂದಿದ್ದರು. ಉಳಿದ ಒಂದು ಜಾಗಕ್ಕೆ ಫೈನಲ್‌ಗೆ ಮುಂಚಿನ ಸುತ್ತಿನ ಎರಡು ಬೇರೆ ಬೇರೆ ಹೀಟ್‌ಗಳಲ್ಲಿ ಓಡಿದ ಇಬ್ಬರ ಸಮಯ ಹೋಲಿಸಬೇಕಿತ್ತು. ತೆರೆಯ ಮೇಲೆ ಶಬಾನಾಳದು 13.3, ರೇಣುಕಾಳದು 13.4. ಶಬಾನಾಳ ಹೆಸರನ್ನು ಮೈಕಿನಲ್ಲಿ ಕೂಗಿದರು.

ಮಾಸ್ತರರು ಇಳಿದು ಬಂದರು. "ಕಂಪ್ಯೂಟರ್ ಸಾಹೇಬ್ರ, ರೇಣುಕಾ ಯಾಕ ಇಲ್ಲ?"

"ಒಂದು ಅಂಕಿ ಹಿಂದ ಬಿದ್ದಾಳ್ರಿ ಸರ್. ಮಷಿನ್ ತೋರಸಾಕತ್ತೈತಿ."

"ನಿಮ್ಮ ಮಷಿನ್ ಮೆಟ್ಲ ಮ್ಯಾಲ ಕುಂತಿತ್ತೇನ್ರಿ? ಕುಂತಾಂವ ನಾ."

ಅವರು ತಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟರು. ಶಬಾನಾ 13.34. ರೇಣುಕಾ 13.36. ನನ್ನ ಸಾಲು ಮೊದಲಿನದನ್ನು ಕೆಳಗಿಳಿಸಿತ್ತು, ಎರಡನೆಯದನ್ನು ಮೇಲೇರಿಸಿತ್ತು. ನಿಯಮದ ಪ್ರಕಾರ ಎರಡೂ 13.4. ಇಬ್ಬರೂ ಸಮ.

ಕೂಟದ ಕಾರ್ಯದರ್ಶಿ ಬಂದರು. "ಮಾಸ್ತರ್ರ, ಮೈಕಿನ್ಯಾಗ ಓದಿ ಆಗೈತಿ. ಇರೂದು ಆರ ಲೇನ್. ಮುಂದಿನ ವರ್ಷ ನೋಡೂಣಂತ."

"ಮುಂದಿನ ವರ್ಷ ಆಕಿ ವಯಸ್ಸು ಮೀರಿ ಹೊಕ್ಕೈತಿ. ಆಕಿಗೆ ಇರೂದು ಇದೊಂದ ಓಟ."

"ಹಟಾ ಹಿಡದ್ರ ಟೈಮ್ ಹಿಡಿಯೋರ ಪ್ಯಾನೆಲ್‌ನಿಂದ ನಿಮ್ಮ ಹೆಸರು ಹೊಡದ ಹಾಕಬೇಕಾಕ್ಕೈತಿ ನೋಡ್ರಿ."

ಮಾಸ್ತರರು ಜೇಬಿನಿಂದ ಪೆನ್ನು ತೆಗೆದು ಅವರ ಮುಂದೆ ಹಿಡಿದರು. "ಹೊಡೀರಿ. ಲಗೂ ಹೊಡೀರಿ, ನನಗ ಕೆಲಸ ಐತಿ."

ಕೆಲಸ ಎಂದರೆ ಸುಣ್ಣದ ಡಬ್ಬಿ. ಆರನೇ ಲೇನಿನ ಅಂಚಿನಿಂದ ಟೇಪಿನಲ್ಲಿ ಅಳೆದು ಗುರುತು ಹಾಕಿದರು. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ತುದಿಯನ್ನು, ಓಟಕ್ಕೆ ಪಿಸ್ತೂಲು ಹಾರಿಸುವ ನದಾಫ ಸರ್ ಯಾರೂ ಹೇಳದೆ ಹಿಡಿದುಕೊಂಡರು. ಎಪ್ಪತ್ತು ದಾಟಿದ ಮನುಷ್ಯ ಬಗ್ಗಿ ನೂರು ಮೀಟರ್ ಸುಣ್ಣ ಉದುರಿಸುತ್ತ ನಡೆದರು. ಮೈಕಿನಲ್ಲಿ ಎರಡು ಸಲ ಅವರ ಹೆಸರು ಹಿಡಿದು ಆಚೆ ಬರಲು ಕೂಗಿದರು. ಮೊದಲ ಸಲ ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತು, ಮೈಕಿನತ್ತ ನೋಡಿ, ಮತ್ತೆ ಬಗ್ಗಿದರು. ಎರಡನೇ ಸಲ ನೋಡಲೂ ಇಲ್ಲ. ಗೆರೆ ಮುಗಿದಾಗ ಮೂರು ಗಂಟೆ ನಲವತ್ತೊಂದು ನಿಮಿಷ.

"ರೇಣುಕಾ, ಬಾರವ್ವ. ಓಡು," ಎಂದು ಹೇಳಿ ಮತ್ತೆ ಮೆಟ್ಟಿಲೇರಿ ವಾಚು ಹಿಡಿದರು. ನದಾಫ ಸರ್ ಓಟ ಶುರುವಾಗುವ ಗೆರೆಗೆ ಹೋಗಿ ಪಿಸ್ತೂಲು ಎತ್ತಿದರು.

ಏಳು ಜನ ಓಡಿದರು. ರೇಣುಕಾ ನಾಲ್ಕನೆಯವಳಾಗಿ ಬಂದಳು. ವಾಚು 13.22 ತೋರಿಸಿತು. ಮಾಸ್ತರರು ಚೀಟಿಯಲ್ಲಿ 13.3 ಎಂದು ಬರೆದು, ಸಹಿ ಮಾಡಿ, ಅವಳ ಕೈಗಿಟ್ಟರು.

ನಾನು ಪಟ್ಟಿಯಲ್ಲಿ ಏಳು ಹೆಸರು ತುಂಬಿದೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಆರೇ ಇದ್ದವು. ಮೈದಾನದಲ್ಲಿ ಏಳನೇ ಲೇನ್ ಇಲ್ಲ ಎಂದರು ಕಾರ್ಯದರ್ಶಿ. ಮಾಸ್ತರರನ್ನು ಮತ್ತೆ ಯಾವ ಕೂಟಕ್ಕೂ ಕರೆಯಲಿಲ್ಲ.

ಎರಡು ವರ್ಷದ ನಂತರ ಹೆಬ್ಬಳ್ಳಿಯ ಮನೆಯಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ಹಾಸಿಗೆ ಹಿಡಿದಿದ್ದರು.

"ಆ ಸಾಲು ತಿದ್ದಿದ್ರ್ಯಾ?"

"ಮರುದಿನಾನ ತಿದ್ದೇನ್ರಿ ಸರ್."

"ಹಾಳ್ಯಾಗ ಏಳನೇ ಹೆಸರು?"

"ಇಲ್ರಿ."

"ಹಂಗಾರ ಇನ್ನೂ ಮುಗದಿಲ್ಲ," ಎಂದರು. ಹದಿನೈದು ದಿನಕ್ಕೆ ತೀರಿಕೊಂಡರು.

ಆ ಹಾಳೆ ಈಗಲೂ ಆರು ಎನ್ನುತ್ತದೆ. ಓಡಿದವರು ಏಳು. ಅದನ್ನು ಕಣ್ಣಾರೆ ಕಂಡು ಇಂದಿಗೂ ಹೌದು ಎನ್ನುವವರಲ್ಲಿ ನನಗೆ ಗೊತ್ತಿರುವವರು ಇವರು: ಬೈರಿದೇವರಕೊಪ್ಪದಲ್ಲಿರುವ ನದಾಫ ಸರ್, ಆರನೇ ಲೇನಿನಲ್ಲಿ ಓಡಿದ ಶಬಾನಾ, ಏಳನೇ ಲೇನಿನಲ್ಲಿ ಓಡಿದ ರೇಣುಕಾ, ಮತ್ತು ನಾನು.