ತಿಂಗಳು ತುಂಬದ ಕೂಸಿನ ವಯಸ್ಸು

ನನ್ನ ಶಾಲೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಜೂನ್ ಒಂದರಂದು. ನಗಬೇಡಿ, ಬೇಕಾದರೆ ಸೇಡಂಗೆ ಬಂದು ರಿಜಿಸ್ಟರ್ ನೋಡಿ!

ಹುಟ್ಟಿದ ತಾರೀಖು ಕೇಳಿದರೆ ತಾಯಂದಿರು "ಸೀಗಿ ಹುಣ್ಣಿಮಿ ಹಿಂದಮುಂದ್ರಿ" ಅನ್ನುತ್ತಾರೆ. ಆಗ ನಮ್ಮ ಹಳೆಯ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ. ಒಂದಿಷ್ಟು ಕಡಿಮೆ ಬಿತ್ತೇ? "ಬರಕೊಳ್ರಿ ಬಾಯೋರ, ಮನ್ಯಾಗ ಭಾಳ ಕಾಡ್ತಾನ" ಅನ್ನುತ್ತಾಳೆ ತಾಯಿ. ಟೀಚರಮ್ಮನಾದ ನನ್ನ ಪೆನ್ನು ಆರೆಂಟು ತಿಂಗಳು ಕೂಡಿಸುತ್ತದೆ. ಜೂನ್ ಒಂದು!

ಇಂಥ ನಾನು ಈ ದಸರಾ ರಜೆಯಲ್ಲಿ ಬರೀ ಎರಡು ತಿಂಗಳಿಗಾಗಿ ಬೀಗತಿಯ ಜೊತೆ ಜಗಳಕ್ಕೆ ನಿಂತೆ.

ಮಗಳು ಶಾಂತಾಳನ್ನು ಶಹಾಬಾದಕ್ಕೆ ಕೊಟ್ಟಿದ್ದೇವೆ. ಅವಳ ಚೊಚ್ಚಲ ಕೂಸು ಗಿರಿಜಾ, ಏಳು ತಿಂಗಳಿಗೇ ಹುಟ್ಟಿದವಳು. ಎರಡು ಅಂಗೈಯಲ್ಲಿ ಹಿಡಿಸುವಷ್ಟಿದ್ದಳು. ಗುಲಬರ್ಗಾದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಬದುಕಿ ಬಂದಳು. ದಸರೆಗೆ ಅವಳಿಗೆ ಒಂಬತ್ತು ತಿಂಗಳು.

ನಾನು ಹೋಗಿ ಕೂತು ನೀರು ಕುಡಿದಿರಲಿಲ್ಲ, ಬೀಗತಿ ಗಂಗಮ್ಮ ಶುರುಮಾಡಿದರು. "ನೋಡ್ರಿ ಬೀಗರ, ನನ್ನ ದೊಡ್ಡ ಸೊಸಿ ಮಗಾ, ಇಕಿ, ಇಬ್ಬರೂ ಒಂದೇ ವಾರದಾಗ ಹುಟ್ಯಾರ. ಅಂವ ಮನಿ ತುಂಬ ಹರದಾಡಲಿಕತ್ತಾನ. ಇಕಿ ಕುಂದರಿಸಿದ್ರ ವಾಲತಾಳ. ಅಮಾಸಿಗಿ ಹೊಟ್ಟಿಗಿ ಬರಿ ಹಾಕಸ್ತೀವಿ."

ಅಂದರೆ ಕಬ್ಬಿಣ ಕಾಯಿಸಿ ಕೂಸಿನ ಹೊಟ್ಟೆ ಸುಡುವುದು. ಸುಟ್ಟರೆ ಚುರುಕಾಗುತ್ತದಂತೆ. (ದೊಡ್ಡವರೇಕೆ ಈ ಔಷಧಿ ತೆಗೆದುಕೊಳ್ಳುವುದಿಲ್ಲವೋ!)

ಅಡುಗೆಮನೆಯಲ್ಲಿ ಶಾಂತಾ ಅಳುತ್ತಿದ್ದಳು. "ನನ್ನ ಮಗಳು ಮಂದ ಅದಾಳೇನವ್ವಾ?"

ನನ್ನ ಪಿತ್ತ ನೆತ್ತಿಗೇರಿತು. ಮರುದಿನ ಬೆಳಿಗ್ಗೆಯೇ ಕೂಸನ್ನು ಕಟ್ಟಿಕೊಂಡು ಗುಲಬರ್ಗಾದ ಬಸ್ ಹತ್ತಿದೆವು. ಗಂಗಮ್ಮನವರನ್ನೂ ಬಿಡಲಿಲ್ಲ, ಕೈಹಿಡಿದು ಹತ್ತಿಸಿದೆ.

ಆಸ್ಪತ್ರೆಯ ಡಾಕ್ಟರಮ್ಮ ಗಿರಿಜಾಳನ್ನು ಕೂರಿಸಿ, ಮಗುಚಿ, ಗಿಲಕಿ ಆಡಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಹೆರಿಗಿ ಖರೇ ಯಾವಾಗ ಆಗಬೇಕಿತ್ತು?"

"ಇಕಿ ಹುಟ್ಟಿದ ಮ್ಯಾಲ ಇನ್ನೂ ಎರಡು ತಿಂಗಳು ಬಿಟ್ಟು ಆಗಬೇಕಿತ್ರಿ" ಅಂದಳು ಶಾಂತಾ.

"ಹಂಗಾದ್ರ ಒಂಬತ್ತರಾಗ ಎರಡು ಕಳೀರಿ. ಇಕಿಗಿ ಈಗ ಏಳು ತಿಂಗಳು. ಏಳು ತಿಂಗಳ ಕೂಸು ಮಾಡೋದೆಲ್ಲ ಮಾಡಲಿಕತ್ತಾಳ. ಎರಡು ವರ್ಷ ಆಗೋತನ ಹಿಂಗೇ ಲೆಕ್ಕ ಹಿಡೀರಿ."

ಲಸಿಕೆಯ ಸೂಜಿ ಹಾಕಿಸುವುದು ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲೇ ಎಂದರು. ಎರಡು ತಿಂಗಳು ಕಳೆದ ಮೇಲೂ ಹಿಂದೆ ಬಿದ್ದಂತೆ ಕಂಡರೆ ತಡಮಾಡದೆ ಕರೆದುಕೊಂಡು ಬನ್ನಿ ಎಂದೂ ಎಚ್ಚರಿಸಿದರು.

ವಾಪಸ್ ಬಸ್ಸಿನಲ್ಲಿ ಗಂಗಮ್ಮ ಗೊಣಗಿದರು. "ಹುಟ್ಟಿದ್ದು ಹುಟ್ಟಿದ್ದೇ ಅಲ್ಲೇನ್ರಿ? ವಯಸ್ಸು ಹ್ಯಾಂಗ ಕಳೀಲಿಕ್ಕ ಬರ್ತದ?"

"ನಮ್ಮ ಅಳಿಯಂದ್ರು ಹುಟ್ಟಿದ ತಾರೀಖು ಏನ್ರಿ?" ಅಂದೆ.

"ಸಾಲ್ಯಾಗ ಜೂನ್ ಒಂದು ಅಂತ ಬರಕೊಂಡಾರ."

"ಖರೇ ಹುಟ್ಟಿದ್ದು?"

ಗಂಗಮ್ಮ ಸೆರಗು ಸರಿಮಾಡಿಕೊಂಡರು. "ದೀಪಾವಳಿ ಪಾಡ್ಯಕ್ರಿ."

"ಮಗನ್ನ ಸಾಲಿಗಿ ಹಾಕಲಿಕ್ಕ ತಿಂಗಳು ಕೂಡಿಸಿದ್ರಿ. ಮೊಮ್ಮಗಳನ್ನ ಸುಡಬಾರದಂತ ಎರಡು ತಿಂಗಳು ಕಳೀಲಿಕ್ಕ ಬರಂಗಿಲ್ಲೇನ್ರಿ?"

ಅವರು ಕಿಟಕಿಯ ಕಡೆ ತಿರುಗಿದರು. ಶಹಾಬಾದದ ಕಲ್ಲಿನ ಗಣಿಗಳು ಶುರುವಾದವು. ಆಮೇಲೆ, "ಎರಡು ತಿಂಗಳು ನೋಡೋಣು" ಅಂದರು. ನನಗೆ ಅಷ್ಟು ಸಾಕಿತ್ತು. ಅವರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಉಳಿದ ಪ್ರತಿ ತಿಂಗಳ ಹಾಳೆಯ ಮೇಲೂ ಗಿರಿಜಾಳ ಹೊಸ ವಯಸ್ಸನ್ನು ಕೆಂಪು ಶಾಯಿಯಲ್ಲಿ ಬರೆದೇ ಊರಿಗೆ ಹೊರಟೆ.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ಗಿರಿಜಾ ಕಲ್ಲಿನ ನೆಲದ ಮೇಲೆ ಯಾರ ಆಸರೆಯೂ ಇಲ್ಲದೆ ಕೂತು, ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ಅಂಗಿ ಎತ್ತಿ ಹೊಟ್ಟೆ ನೋಡಿದೆ. ನುಣ್ಣಗಿತ್ತು.

ಪಕ್ಕದ ಮನೆಯಾಕೆ ಬಂದು, "ಹನ್ನೊಂದು ತಿಂಗಳಾತು, ಇನ್ನಾ ನಿಂದ್ರಂಗಿಲ್ಲೇನು?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಗಂಗಮ್ಮ ಹರಿಹಾಯ್ದರು. "ಹನ್ನೊಂದು ಅಂತ ಯಾರಂದ್ರು? ನಮ್ಮ ಕೂಸಿಗಿ ಈಗ ಒಂಬತ್ತು!"

ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೇ ಅಂದುಕೊಂಡೆ.

ಆದರೆ ಸೇಡಂಗೆ ಮರಳುವಾಗ ಬೇರೊಂದು ನೆನಪಾಯಿತು. ಕಿವಿ ಮುಟ್ಟಲು ಮಕ್ಕಳು ಕೈ ಎತ್ತಿದಾಗ ಅಂಗಿ ಮೇಲೇರುತ್ತದೆ. ಕೆಲವರ ಹೊಟ್ಟೆಯ ಮೇಲೆ ಹಳೆಯ ಬರೆಯ ಗುರುತು ಕಾಣುತ್ತದೆ. ಇಷ್ಟು ವರ್ಷ ನಾನು ಕಿವಿಯನ್ನಷ್ಟೇ ನೋಡುತ್ತಿದ್ದೆ. ಅವರ ತಾಯಂದಿರಲ್ಲಿ ಒಬ್ಬಳನ್ನಾದರೂ ಕೇಳಿದ್ದೆನೇ, "ಇವ ತಿಂಗಳು ತುಂಬಿ ಹುಟ್ಟಿದ್ದನೇನವ್ವಾ?" ಎಂದು?