ನೀಲಿ ಗುಲಾಬಿಯ ಕೆಳಗಿನ ಹೆಸರು

ಬೆಳಕು ಹರಿಯುವ ಹೊತ್ತು. ಸಸಿ ತೋಟದ ಒದ್ದೆ ನೆಲಕ್ಕೆ ಗೋಣಿಚೀಲ ಹಾಸಿ, ಐವತ್ತು ದಾಟಿದ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಕ್ಯಾಮೆರಾದ ಮುಂದೆ ಒಂದು ಡೇರೆ ಹೂವು. ಗಾಳಿಗೆ ಅಡ್ಡವಾಗಿ ಮಾಲಿ ಹಳೇ ಕೊಡೆ ಬಿಚ್ಚಿ ಹಿಡಿದಿದ್ದಾನೆ.

"ಅಕ್ಕಾ, ಕಾಲಿಗೆ ಇರುವೆ ಹತ್ತಿದೆ!"

"ಹತ್ಲಿ ಬಿಡೋ. ನೀನು ಅಲ್ಲಾಡಬೇಡ."

ಎಲ್ಲರ ಬಾಯಲ್ಲೂ ಇವರು ಹೂವಕ್ಕ. ಸಸಿ ಮಾರುವ ಕಂಪನಿ ವರ್ಷವರ್ಷ ಅಚ್ಚು ಹಾಕಿಸುವ ಪುಸ್ತಕದಲ್ಲಿ, ಬೀಜದ ಪೊಟ್ಟಣದ ಮೇಲೆ ನಾವು ನೋಡಿ ಮರುಳಾಗುವ ಹೂವಿನ ಚಿತ್ರಗಳೆಲ್ಲ ಇವರು ತೆಗೆದವೇ. ಬಿಸಿಲೇರಿದರೆ ಕೆಂಪು ಹೂವು ಚಿತ್ರದಲ್ಲಿ ಬರೀ ಕೆಂಪು ಮುದ್ದೆ. ಹಾಗಾಗಿ ಸಿಗುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಮುನ್ನೂರು ಸಲ ಕ್ಲಿಕ್ಕಿಸಿದರೆ ಉಳಿಯುವುದು ನಾಲ್ಕೋ ಐದೋ.

ಆಮೇಲೆ ಒಂದು ಎಸಳು ಬಿಡಿಸಿ, ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಆ ಎಸಳನ್ನು ಕಂಪ್ಯೂಟರ್ ಪರದೆಯ ಪಕ್ಕ ಹಿಡಿದು, ಎರಡೂ ಒಂದೇ ಬಣ್ಣ ಅನ್ನಿಸುವವರೆಗೆ ತಿದ್ದುತ್ತಾರೆ. "ಜನ ಚಿತ್ರ ನಂಬಿ ಗಿಡ ತಗೊಂಡು ಹೋಗ್ತಾರೆ. ಅರಳಿದ ದಿನ ನನ್ನ ಬೈಬಾರ್ದು, ಅಷ್ಟೇ" ಅನ್ನುತ್ತಾರೆ.

ಅಪ್ಪನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆದು ಪಳಗಿದ ಕೈ. ಮದುವೆಯಾದ ಮೇಲೆ ಹೂವಿನ ಹಿಂದೆ ಬಿದ್ದಾಗ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಅಂತ ಅತ್ತೆ ಹಂಗಿಸಿದ್ದುಂಟು. ನೆಲಕ್ಕೆ ಊರಿ ಊರಿ ಮಂಡಿ ಸವೆದಿದೆ. ಹತ್ತೊಂಬತ್ತು ವರ್ಷ ಇವರು ಕಂಪನಿಯಲ್ಲಿ ಕೇಳಿಕೊಂಡದ್ದು ಒಂದೇ: ಚಿತ್ರದ ಕೆಳಗೆ ನನ್ನ ಹೆಸರು ಹಾಕಿ. ಪ್ರತಿ ಸಲವೂ "ಜಾಗ ಇಲ್ಲ ಮೇಡಂ". ಗೊಬ್ಬರದ ಜಾಹೀರಾತಿಗೆ ಮಾತ್ರ ಪುಟಗಟ್ಟಲೆ ಜಾಗ!

ಕಳೆದ ವರ್ಷ ಹೆಸರು ಬಂತು, ಅದೂ ಮುಖಪುಟದಲ್ಲಿ. ಇವರು ತೆಗೆದ ಬಿಳಿ ಗುಲಾಬಿಯ ಚಿತ್ರಕ್ಕೆ ಕಚೇರಿಯ ಯಾವನೋ ಪುಣ್ಯಾತ್ಮ ನೀಲಿ ಬಳಿದಿದ್ದ. 'ಅಪರೂಪದ ನೀಲಿ ಗುಲಾಬಿ' ಅಂತ ಬರೆದು, ಕೆಳಗೆ ದಪ್ಪಕ್ಷರದಲ್ಲಿ ಇವರ ಹೆಸರು. ಸಸಿಗಳು ವಾರದಲ್ಲಿ ಖಾಲಿ. ಅರಳಿದ್ದೆಲ್ಲ ಬಿಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ, ಬೈಗುಳವೆಲ್ಲ ಹೂವಕ್ಕನ ಮನೆ ಬಾಗಿಲಿಗೆ.

ಒಬ್ಬರು ಮಾತ್ರ ಬೈಯಲಿಲ್ಲ. ಹನ್ನೆರಡು ಗಿಡ ನೆಟ್ಟು, ಮೊದಲ ಹೂವು ನೋಡಲು ಬೀದಿಯವರನ್ನೆಲ್ಲ ಕರೆದು ನಗೆಪಾಟಲಾದ ಮುದುಕಿ, ಹಿಂದೆ ನರ್ಸ್ ಆಗಿದ್ದವರು. ಬಿಳಿ ಹೂವೊಂದನ್ನು ಇವರ ಮೇಜಿನ ಮೇಲಿಟ್ಟು, "ಹೆಸರು ಹಾಕಿದ್ದಾರಲ್ಲ, ನಿಜವೇ ಇರ್ಬೇಕು ಅಂದ್ಕೊಂಡೆ ಕಣಮ್ಮಾ" ಅಂದು ಹೋದರಂತೆ.

"ಬೈದಿದ್ರೆ ಎಷ್ಟೋ ವಾಸಿ ಇತ್ತು" ಅನ್ನುತ್ತಾರೆ ಹೂವಕ್ಕ.

ಹೀಗ್ಯಾಕೆ ಮಾಡಿದಿರಿ ಅಂತ ಕೇಳಲು ಹೋದರೆ ಕಂಪನಿಯ ಮ್ಯಾನೇಜರ್ ನಗುತ್ತಾನೆ. "ಹೆಸರು ಹೆಸರು ಅಂತ ಗೋಗರೆದವರು ನೀವೇ ಅಲ್ವಾ? ಈ ವರ್ಷಾನೂ ಅದೇ ಮುಖಪುಟ." ಪುಸ್ತಕ ಅಚ್ಚಿಗೆ ಹೋಗಲು ಇನ್ನೊಂದು ವಾರವಿದೆ. ಎದುರು ಮಾತಾಡಿದರೆ ಇವರ ಜಾಗಕ್ಕೆ ಕ್ಯಾಮೆರಾ ಹಿಡಿದು ಸಾಲುಗಟ್ಟಿ ನಿಂತವರಿಗೇನು ಬರವೇ? ಗೊತ್ತಿದ್ದೂ ಹೂವಕ್ಕ ಕಾಗದ ಬರೆದಿದ್ದಾರೆ.

"ಹೆಸರು ಹಾಕಿ ಅಂತ ಹತ್ತೊಂಬತ್ತು ವರ್ಷ ಕೇಳಿದೆ. ಈಗ ತೆಗೀರಿ ಅಂತ ಬರ್ದಿದ್ದೀನಿ. ಕೆಲಸ ಹೋದ್ರೆ ಹೋಗ್ಲಿ, ಅದೊಂದು ಉಪಕಾರ ಮಾಡಿದ್ರೆ ಸಾಕು."